ಎರಡನೇ ಗೇರಿನ ಮೇಲಿದ್ದ ಕೈ

ಹೋದ ವಾರ ನಾಗರಬಾವಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಮುಂದೆ ಒಂದು ಹಳೇ ಜೀಪು ನಿಂತಿತ್ತು. ಹುಡುಗರು ಅದಕ್ಕೆ ಹೊಸ ಬಣ್ಣ ಹೊಡೆಸಿ, ದಪ್ಪ ಟೈರು ಹಾಕಿಸಿ, ಇನ್ನೇನು ಬೆಟ್ಟವೊಂದನ್ನು ಹತ್ತಿಸಿಬಿಡುವ ಗತ್ತಿನಲ್ಲಿ ಕೂತಿದ್ದರು. ಬಣ್ಣ ಎಷ್ಟು ಹೊಸದಾದರೇನು, ಹೊಟ್ಟೆ ಹಳೆಯದೇ. ಗೇರ್ ಬಾಕ್ಸಿನಿಂದ ಒಂದೊಂದೇ ಹನಿ ಎಣ್ಣೆ ರಸ್ತೆಗೆ ಬೀಳುತ್ತಿತ್ತು. ಬಿಸಿಯಾದ ಗೇರ್ ಆಯಿಲಿಗೆ ಅದರದ್ದೇ ಒಂದು ವಾಸನೆ ಇದೆ. ಇಂಜಿನ್ ಆಯಿಲಿನ ವಾಸನೆಯಲ್ಲ, ಅದು ಬೇರೆ. ಆಗಷ್ಟೇ ಗೀರಿದ ಬೆಂಕಿಕಡ್ಡಿ ಮತ್ತು ಒಗ್ಗರಣೆಯಲ್ಲಿ ಸೀದ ಬೆಳ್ಳುಳ್ಳಿ ಎರಡೂ ಸೇರಿದಂಥ ವಾಸನೆ. ಒಂದು ಸಲ ಬಟ್ಟೆಗೆ ಹತ್ತಿದರೆ ನಾಲ್ಕು ಸಲ ಒಗೆದರೂ ಹೋಗುವುದಿಲ್ಲ. ಅದು ಮೂಗಿಗೆ ಬಡಿದದ್ದೇ ನಾನು ಸ್ಕೂಟರಿನ ಮೇಲೆ ಹಾಗೇ ಕೂತುಬಿಟ್ಟೆ. ಹಸಿರು ದೀಪ ಬಂದು ಜೀಪು ಹೋಗಿಯಾಗಿತ್ತು. ಹಿಂದಿನ ಆಟೋದವನು ಕತ್ತು ಹೊರಗೆ ಹಾಕಿ, "ಮೇಡಂ, ಇದಕ್ಕಿಂತ ಹಸಿರು ಬಣ್ಣ ಬರಲ್ಲ, ಹೊರಡಿ!" ಅಂದ. ಹೊರಟೆ. ಮೂವತ್ತು ವರ್ಷದ ಹಿಂದಿನ ಹೊಟ್ಟೆಕಿಚ್ಚೊಂದು ನನ್ನ ಜೊತೆಯಲ್ಲೇ ಹಿಂದಿನ ಸೀಟಿನಲ್ಲಿ ಹತ್ತಿ ಕೂತಿತ್ತು.

ನಮ್ಮ ಮನೆ ಇದ್ದದ್ದು ಚಂದ್ರಾ ಲೇಔಟಿನ ಅಂಚಿನಲ್ಲಿ. ಲೇಔಟು ಬರುವ ಮೊದಲು ಅದು ನಮ್ಮ ತಾತನ ರಾಗಿ ಹೊಲ. ಹೊಲ ಹೋಯಿತು, ಮನೆ ಮತ್ತು ಮನೆಯ ಮುಂದಿನ ಅಂಗಳ ಉಳಿಯಿತು, ಅಂಗಳದಲ್ಲೊಂದು ಹೊಂಗೆ ಮರ ಉಳಿಯಿತು. ಆ ಮರದ ಬುಡಕ್ಕೆ ಅಪ್ಪ ತಗಡಿನ ಶೆಡ್ಡು ಕಟ್ಟಿ ಗಾಡಿ ರಿಪೇರಿ ಶುರುಮಾಡಿದ. ನೇಗಿಲು ಹಿಡಿದವರ ಮಗ ಸ್ಪ್ಯಾನರು ಹಿಡಿದ. ಹೊಂಗೆ ಹೂ ಉದುರುವ ಕಾಲದಲ್ಲಿ ಗ್ರೀಸಿನ ಡಬ್ಬದ ಮೇಲೂ ಬಿಳಿ ಹೂವು ಅಂಟಿಕೊಂಡಿರುತ್ತಿತ್ತು. ಮನೆಯೊಳಗೆ ಅಮ್ಮ, ದೊಡ್ಡಮ್ಮ, ನಾನು. ಶೆಡ್ಡಿನಲ್ಲಿ ಅಪ್ಪ ಮತ್ತು ಸೀನ. ಸೀನ ನಮ್ಮ ದೊಡ್ಡಪ್ಪನ ಮಗ, ನನಗಿಂತ ಒಂದು ವರ್ಷ ದೊಡ್ಡವನು. ದೊಡ್ಡಪ್ಪ ತೀರಿಹೋದಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ಅವನನ್ನು ನಾನು ಯಾವತ್ತೂ ಅಣ್ಣ ಅಂತ ಕರೆದವಳಲ್ಲ. ಇವತ್ತು ಆ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಇದೆ, ಓದುವ ಹುಡುಗಿಯರಿಗೆ ಬಾಡಿಗೆ ರೂಮುಗಳು, ಗೇಟಿನಲ್ಲಿ ಬೆರಳು ಒತ್ತಿದರೆ ಮಾತ್ರ ತೆರೆಯುವ ಬಾಗಿಲು. ನೀವೂ ನಿಮ್ಮ ಹಳೇ ಮನೆಯ ಮುಂದೆ ಹೀಗೆ ನಿಂತು ಬಂದಿರುತ್ತೀರಿ. ನಾವು ಆಡಿದ ಅಂಗಳಕ್ಕೆ ನಮ್ಮ ಬೆರಳಿನ ಗುರುತು ಗೊತ್ತಿಲ್ಲ.

ಬೇರೆಯವರ ಗಾಡಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಹೋಗದೆ ಉಳಿದದ್ದು ನಮ್ಮದೇ ಜೀಪು. ಯಾವುದೋ ಹರಾಜಿನಲ್ಲಿ ಅಪ್ಪ ಹಿಡಿದು ತಂದದ್ದು. ಬಾಗಿಲಿಲ್ಲ, ತಲೆಯ ಮೇಲೆ ಬರೀ ಟಾರ್ಪಾಲು, ಸೋರುವ ಜಾಗ ಒಂದೆರಡಲ್ಲ. ಅಪ್ಪ ಸೋರಿಕೆ ಹುಡುಕುವ ರೀತಿಯೇ ಒಂದು ಚೆಂದ. ಮೊದಲು ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ಮಗುವಿಗೆ ಸ್ನಾನ ಮಾಡಿಸಿದ ಹಾಗೆ ತೊಳೆಯುತ್ತಿದ್ದ. ಒರೆಸಿ ಒಣಗಿಸಿ, ಅಮ್ಮ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬ ತರಿಸಿ, ಇಂಜಿನ್ನಿನ ಮೇಲೆಲ್ಲ ಉಫ್ ಅಂತ ಉದುರಿಸುತ್ತಿದ್ದ. ಆಮೇಲೆ ಸ್ಟಾರ್ಟ್ ಮಾಡಿದರೆ, ಎಣ್ಣೆ ಎಲ್ಲಿಂದ ಹೊರಡುತ್ತದೋ ಅಲ್ಲಿ ಬಿಳಿ ಪೌಡರಿನಲ್ಲಿ ಕಪ್ಪು ಗೆರೆಯೊಂದು ಕಣ್ಣೀರಿನ ಹಾಗೆ ಇಳಿಯುತ್ತಿತ್ತು. "ಹಾಂ, ಸಿಕ್ಕಿದ ಕಳ್ಳ," ಅನ್ನುತ್ತಿದ್ದ ಅಪ್ಪ. ಎಣ್ಣೆ ಸೋರದ ಹಾಗೆ ಸಂದಿಗೆ ಹಾಕುವ ಪ್ಯಾಕಿಂಗ್ ಅಂಗಡಿಯಲ್ಲಿ ಸಿಗದಿದ್ದರೆ ಹಳೇ ಮದುವೆ ಕಾಗದದ ದಪ್ಪ ಹಾಳೆಯನ್ನೇ ಇಂಜಿನ್ನಿನ ಅಂಚಿಗಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಆ ಆಕಾರಕ್ಕೆ ಕತ್ತರಿಸುತ್ತಿದ್ದ. ನಮ್ಮ ಸಂಬಂಧಿಕರ ಎಷ್ಟೋ ಲಗ್ನಗಳು ಆ ಇಂಜಿನ್ನಿನ ಸಂದಿಯಲ್ಲಿ ಎಣ್ಣೆ ಕುಡಿದುಕೊಂಡು ಕೂತಿದ್ದವು. ಅಮ್ಮ ಬಾಗಿಲಲ್ಲಿ ನಿಂತು, "ಪೌಡ್ರು, ಸ್ನಾನ, ಎಲ್ಲಾ ಅವಳಿಗೇ. ಹಬ್ಬಕ್ಕೆ ಸೀರೆನೂ ಅವಳಿಗೇ ಉಡ್ಸಿ," ಅನ್ನುತ್ತಿದ್ದಳು. ಅಪ್ಪ ಜೀಪಿನ ಕೆಳಗಿನಿಂದಲೇ, "ಉಡ್ಸಿದೀನಲ್ಲ, ಟಾರ್ಪಾಲು," ಅನ್ನುತ್ತಿದ್ದ.

ನಾನು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಹೊಸ್ತಿಲು ದಾಟಿ ಶೆಡ್ಡಿನ ಕಡೆ ಕಾಲಿಟ್ಟರೆ ಅಪ್ಪ ತಲೆ ಎತ್ತದೆಯೇ, "ಗೌರೀ, ಓದಾಯ್ತಾ?" ಅಂತ ಕೇಳುತ್ತಿದ್ದ. ಆಯ್ತು ಅಂದರೆ, "ಇನ್ನೊಂದ್ಸಲ ಓದು." ಒಮ್ಮೆ ನಾನೊಂದು ನಟ್ಟು ಎತ್ತಿಕೊಟ್ಟದ್ದಕ್ಕೆ ಅಪ್ಪ ನನ್ನ ಅಂಗೈ ಹಿಡಿದು ನಲ್ಲಿಗೆ ಎಳೆದುಕೊಂಡು ಹೋಗಿ, ಬಟ್ಟೆ ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆದಿದ್ದ. "ಈ ಕೈಗೆ ಇದು ಹತ್ತಬಾರದು ಕಣಮ್ಮ. ಒಂದ್ಸಲ ಹತ್ತಿದ್ರೆ ಬಿಡಲ್ಲ." ಅದೇ ಗ್ರೀಸು ಸೀನನ ಮೊಣಕೈವರೆಗೂ ಇತ್ತು. ಅವನ ಕೈಯನ್ನು ಯಾರೂ ತೊಳೆಯಲಿಲ್ಲ. ನನ್ನ ಕಣ್ಣಿಗೆ ಅದು ಗ್ರೀಸಾಗಿ ಕಾಣುತ್ತಿರಲಿಲ್ಲ. ಮದುವೆ ಹೆಣ್ಣಿನ ಕೈಯ ಮದರಂಗಿಯ ಹಾಗೆ ಕಾಣುತ್ತಿತ್ತು. ನಮ್ಮ ವಂಶದಲ್ಲಿ ಡಿಗ್ರಿ ಹಿಡಿದವಳು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಕಷ್ಟಪಟ್ಟು ತಗೊಂಡದ್ದು. ಆದರೆ ಆ ವಯಸ್ಸಿನಲ್ಲಿ ನನಗೆ ಅದು ಬಹುಮಾನ ಅನ್ನಿಸಿರಲಿಲ್ಲ. ಅಪ್ಪನ ಪಕ್ಕದ ಜಾಗ ಸೀನನಿಗೆ ಕೊಟ್ಟು, ನನಗೆ ಬದಲಿಗೆ ಪುಸ್ತಕ ಕೊಟ್ಟಿದ್ದಾರೆ ಅನ್ನಿಸಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಹೊಟ್ಟೆ ಉರಿಸಿದ್ದು ಎರಡನೇ ಗೇರು. ಜೀಪು ಇಳಿಜಾರಿನಲ್ಲಿ ಇಳಿಯುವಾಗ ಆ ಗೇರು ಹಾಕಿದ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಟಕ್ ಅಂತ ಹಿಂದಕ್ಕೆ ನೆಗೆದು ನ್ಯೂಟ್ರಲ್ಲಿಗೆ ಬಂದುಬಿಡುತ್ತಿತ್ತು. ಬಂದರೆ ಜೀಪಿಗೆ ಹಿಡಿತವೇ ಇಲ್ಲ, ಇಳಿಜಾರು ಕರೆದ ಕಡೆ ಹೋಗಬೇಕು. ಅಪ್ಪನ ಎರಡು ಕೈಯೂ ಸ್ಟೀರಿಂಗಿಗೆ ಬೇಕು, ಅಷ್ಟು ಎಳೆದಾಡುತ್ತಿತ್ತು ಅದು. ಹಾಗಾಗಿ ಇಳಿಜಾರು ಬಂದ ಕೂಡಲೇ ಗೇರಿನ ಕಡ್ಡಿಯನ್ನು ಒತ್ತಿ ಹಿಡಿಯಲು ಪಕ್ಕದಲ್ಲೊಬ್ಬರು ಬೇಕಿತ್ತು. ಆ ಒಬ್ಬರು ಸೀನ. ಮಾಗಡಿ ಕಡೆಯ ನಮ್ಮ ಮನೆದೇವರ ಬೆಟ್ಟಕ್ಕೆ ವರ್ಷಕ್ಕೊಂದು ಸಲ ಎಲ್ಲರೂ ಹೋಗುತ್ತಿದ್ದೆವು. ಕಲ್ಲು ಎದ್ದ ಕಾಡುದಾರಿ, ಬೇರೆ ಗಾಡಿ ಹತ್ತುತ್ತಿರಲಿಲ್ಲ. ಮುಂದೆ ಅಪ್ಪ, ಪಕ್ಕದಲ್ಲಿ ಎದೆ ಉಬ್ಬಿಸಿಕೊಂಡು ಸೀನ. ಹಿಂದೆ ಅಡ್ಡ ಸೀಟಿನಲ್ಲಿ ಪಾತ್ರೆ, ತೆಂಗಿನಕಾಯಿ, ಹೆಂಗಸರು, ನಾನು. "ಹಿಡಿ," ಅನ್ನುತ್ತಿದ್ದ ಅಪ್ಪ. "ಹಿಡಿದೆ," ಅನ್ನುತ್ತಿದ್ದ ಸೀನ. ಎರಡೇ ಮಾತು. ಆ ಎರಡು ಮಾತಿನ ನಡುವೆ ನನಗೆ ಜಾಗವೇ ಇರಲಿಲ್ಲ. "ನಾನು ಹಿಡೀತೀನಪ್ಪಾ," ಅಂತ ಒಂದು ಸಲ ಹಟ ಮಾಡಿದೆ. ಸೀನ ಹಿಂದೆ ತಿರುಗಿ, "ಮೊದ್ಲು ಉಪ್ಪಿಟ್ಟಿನ ಪಾತ್ರೆ ಗಟ್ಟಿಯಾಗಿ ಹಿಡ್ಕೊ ಕಣೇ, ಅದೂ ಜಂಪ್ ಆಗುತ್ತೆ," ಅಂದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅದು ಹೆಚ್ಚು ನೋಯಿಸಿತು.

ನಾನು ಹೈಸ್ಕೂಲು ಮುಗಿಸುವ ವರ್ಷ ಅಪ್ಪ ಗೇರ್ ಬಾಕ್ಸು ಬಿಚ್ಚುವುದಾಗಿ ಹೇಳಿದಾಗ ಮನೆಯಲ್ಲಿ ಯಾರಿಗೂ ಆಗದಷ್ಟು ಖುಷಿ ನನಗಾಯಿತು. ಎರಡನೇ ಗೇರು ನಿಂತರೆ ಅದನ್ನು ಹಿಡಿಯುವವನ ಕೆಲಸ ಹೋಗುತ್ತದಲ್ಲ! ನಾನು ದೇವರ ಮುಂದೆ ದೀಪ ಹಚ್ಚುವಾಗ ಪರೀಕ್ಷೆಗೆ ಬೇಡಿಕೊಂಡದ್ದು ಕಡಿಮೆ, ಆ ಗೇರಿಗೆ ಬೇಡಿಕೊಂಡದ್ದು ಜಾಸ್ತಿ. ಅಪ್ಪ ಮತ್ತು ಸೀನ ಜೀಪಿನ ನೆಲದ ತಗಡು ಎತ್ತಿ, ಹೊಂಗೆ ಕೊಂಬೆಯಿಂದ ಹಗ್ಗ ಇಳಿಬಿಟ್ಟು, ಗೇರ್ ಬಾಕ್ಸನ್ನು ಅದಕ್ಕೆ ಕಟ್ಟಿ ಹೊರಗೆ ತೆಗೆದರು. ಗೇರನ್ನು ಜಾಗದಲ್ಲಿ ಒತ್ತಿ ನಿಲ್ಲಿಸಬೇಕಾದ ಸಣ್ಣ ಸ್ಪ್ರಿಂಗು ಸತ್ತುಹೋಗಿತ್ತು, ಗೇರನ್ನು ದೂಡುವ ಫೋರ್ಕು ಸವೆದಿತ್ತು. ಅಪ್ಪ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಬೇರೆ ತಂದ. ಗೇರಿನ ಹಲ್ಲುಚಕ್ರಗಳು ತಟ್ಟೆಯಲ್ಲಿ ಹರಡಿದ ಒಡವೆಗಳ ಹಾಗೆ ಹೊಳೆಯುತ್ತಿದ್ದವು. ಎಲ್ಲ ಜೋಡಿಸಿ, ಒಳಗೆ ಕೂರಿಸುವ ಮೊದಲು ಪೂಜೆ. ನಮ್ಮಲ್ಲಿ ಪೂಜೆಯಿಲ್ಲದೆ ಒಂದು ಬೋಲ್ಟೂ ಮರಳಿ ಗಾಡಿ ಸೇರುತ್ತಿರಲಿಲ್ಲ. ಅಪ್ಪ ಸ್ನಾನ ಮಾಡಿ ಬಂದು, ಅರಿಶಿನ ನೀರಿನಲ್ಲಿ ಕಲಸಿ, ಗೇರ್ ಬಾಕ್ಸಿನ ನೆತ್ತಿಯಲ್ಲಿ ಎದ್ದುನಿಂತಿದ್ದ ಗುಂಡು ಭಾಗಕ್ಕೆ ಹಣೆಗೆ ಹಚ್ಚಿದ ಹಾಗೆ ಧಾರಾಳವಾಗಿ ಮೆತ್ತಿ, ಅದರ ಮೇಲೆ ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದ. ಕರ್ಪೂರ ಹಚ್ಚುವಾಗ ಅವನ ಕಣ್ಣು ಮುಚ್ಚಿತ್ತು.

ಗೇರು ನಿಂತಿತು. ಚಂದ್ರಾ ಲೇಔಟಿನ ಇಳಿಜಾರಿನಲ್ಲಿ ಎಷ್ಟು ಸಲ ಇಳಿಸಿದರೂ ನೆಗೆಯಲಿಲ್ಲ. ಆದರೆ ಯಾವತ್ತೂ ಸೋರದಿದ್ದ ಜಾಗದಿಂದ, ಗೇರ್ ಬಾಕ್ಸಿನ ಹಿಂದುಗಡೆ ಎಣ್ಣೆ ತಡೆಯುವ ರಬ್ಬರ್ ಸೀಲಿನಿಂದ, ಎಣ್ಣೆ ಇಳಿಯತೊಡಗಿತು. ತಣ್ಣಗಿದ್ದಾಗ ಒಂದು ಹನಿಯೂ ಇಲ್ಲ. ಸ್ವಲ್ಪ ದೂರ ಓಡಿ ಬಿಸಿಯಾದರೆ ಧಾರೆ. ಅಪ್ಪ ಸೀಲು ಬದಲಾಯಿಸಿದ. ಮತ್ತೆ ಸೋರಿತು. ಇನ್ನೊಂದು ಕಡೆಯಿಂದ ತಂದು ಹಾಕಿದ. ಅದೂ ಸೋರಿತು. ಬೆಟ್ಟಕ್ಕೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಕೊನೆಗೆ, "ಎಲ್ಲ ಬಿಚ್ಚಿಬಿಡಣ ಸೀನ, ಹಳೇದನ್ನೇ ಹಾಕಣ. ನೆಗೀಲಿ ಬಿಡು, ನೀನಿದ್ದೀಯಲ್ಲ," ಅಂದ. ಸೀನ ಹಲ್ಲು ಬಿಟ್ಟ. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ನನಗೆ ಲೋಟ ಎಸೆಯಬೇಕು ಅನ್ನಿಸಿತು.

ಎಸೆಯಲಿಲ್ಲ, ಕಾಫಿ ಕೊಡುವ ನೆಪದಲ್ಲಿ ಜೀಪಿನವರೆಗೂ ಹೋದೆ. ಆಗಷ್ಟೇ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದ್ದರು, ನೆಲದ ತಗಡು ಎತ್ತಿದ್ದರು, ಕೆಳಗೆ ಎಣ್ಣೆ ಸುರಿಯುತ್ತಿತ್ತು. ಬಗ್ಗಿ ನೋಡಿದರೆ ಪೂಜೆಯ ಅರಿಶಿನ ಕುಂಕುಮ ಬಿಸಿಗೆ ಒಣಗಿ ಮಣ್ಣಿನ ಹೆಂಟೆಯ ಹಾಗೆ ಗಟ್ಟಿಯಾಗಿ ಆ ಗುಂಡು ಭಾಗಕ್ಕೆ ಹತ್ತಿಕೊಂಡಿತ್ತು.

"ಇದೇನಪ್ಪಾ, ಈ ಗುಂಡಗಿರೋದು?"

"ಬ್ರೀದರ್ ಅಂತ. ಒಳಗೆ ಬಿಸಿಯಾದ್ರೆ ಗಾಳಿ ಹೊರಗೆ ಹೋಗಕ್ಕೆ, ಉಸಿರಾಡಕ್ಕೆ. ನೀನು ಒಳಗೆ ಹೋಗು."

"ಮತ್ತೆ ಮೂಗಿಗೇ ಅರಿಶಿನ ಮೆತ್ತಿದ್ದೀಯಲ್ಲಪ್ಪಾ?"

ಸೀನ ಗಹಗಹಿಸಿ ನಕ್ಕ. "ನೆಗಡಿಯಾಗಿರ್ಬೇಕು ಬಿಡೇ!" ಅಂದ. ನಾನು ಅವನ ಕಡೆ ನೋಡಲಿಲ್ಲ. ನನ್ನ ಬದುಕೆಲ್ಲ ಅಡಿಗೆಮನೆಯಲ್ಲಿ ಕೂತು ಓದಿದ್ದು. ಕುಕ್ಕರಿನ ವಿಷಲ್ಲಿನ ತೂತಿಗೆ ಬೇಳೆ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ವಿಷಲ್ ಕೂಗುವುದಿಲ್ಲ, ಹಬೆ ರಬ್ಬರಿನ ಪಕ್ಕದಿಂದ ನುಗ್ಗುತ್ತದೆ, ಒಲೆಯೆಲ್ಲ ಸಾರಾಗುತ್ತದೆ. ಹೊಸ ರಬ್ಬರು ಹಾಕಿದರೂ ಅಷ್ಟೇ. ಅದನ್ನು ಹಾಗೇ ಹೇಳಿದೆ. ಅಪ್ಪ ಕಾಫಿ ಲೋಟವನ್ನು ತುಟಿಯ ಹತ್ತಿರ ಹಿಡಿದವನು ಹಾಗೇ ನಿಂತ. ಆ ಬ್ರೀದರ್ ಏನು ಅಂತ ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು. ಎಷ್ಟೋ ಗಾಡಿಯ ಬ್ರೀದರ್ ಅವನೇ ಬಿಡಿಸಿದ್ದ. ಆದರೆ ಪೂಜೆಗೆ ಕೂತಾಗ ಅವನ ಎದುರಿಗಿದ್ದದ್ದು ಗೇರ್ ಬಾಕ್ಸಲ್ಲ, ದೇವರು. ದೇವರಿಗೆ ಹಣೆ ಇರುತ್ತದೆ, ಅಷ್ಟೇ ಅವನ ಕೈಗೆ ಗೊತ್ತಿದ್ದದ್ದು.

ಅಮ್ಮನ ಬಳೆಗೆ ಸಿಕ್ಕಿಸಿದ್ದ ಪಿನ್ನು ತಂದುಕೊಟ್ಟೆ. ಅಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. "ನೀನೇ ಚುಚ್ಚು," ಅಂದ. ನಾನು ಚುಚ್ಚಿದೆ. ಕೆಂಪು ಪುಡಿ ಸಿಡಿದು, ಉಸ್ಸ್ ಅಂತ ಬಿಸಿ ಗಾಳಿ ನನ್ನ ಮುಖಕ್ಕೆ ಬಂತು. ಬೆಂಕಿಕಡ್ಡಿ, ಬೆಳ್ಳುಳ್ಳಿ, ಅರಿಶಿನ. ಕೆಳಗೆ ಸುರಿಯುತ್ತಿದ್ದ ಎಣ್ಣೆ ನಿಧಾನವಾಗಿ ಹನಿಯಾಗಿ, ಹನಿಯೂ ನಿಂತಿತು. ಅಪ್ಪ ದೊಡ್ಡ ದನಿಯಲ್ಲಿ, "ಲೇ ಇವಳೇ, ಬಾ ಇಲ್ಲಿ! ಮಗಳು ಏನ್ ಮಾಡಿದ್ಲು ನೋಡು ಬಾ!" ಅಂತ ಅಮ್ಮನನ್ನು ಕೂಗಿದ. ಅವತ್ತು ಬಂದುಹೋದವರಿಗೆಲ್ಲ ಅದೇ ಕಥೆ. "ಓದಿರೋ ತಲೆ ಅಂದ್ರೆ ಇದು," ಅನ್ನುತ್ತಿದ್ದ. ನನಗೆ ಬೇಕಿದ್ದದ್ದು ತಲೆಯ ಹೊಗಳಿಕೆಯಲ್ಲ. ನಾಳೆಯಿಂದ ಶೆಡ್ಡಿಗೆ ಬಾ ಅಂತ ಒಂದು ಮಾತು. ಅದರ ಬದಲು ಅಪ್ಪ ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಬೆರಳ ತುದಿಗೆ ಹತ್ತಿದ್ದ ಕುಂಕುಮ ಮತ್ತು ಎಣ್ಣೆಯನ್ನು ತಾನೇ ತೊಳೆದು, ತನ್ನ ಪಂಚೆಯಲ್ಲಿ ಒರೆಸಿ, "ಹೋಗು, ಓದ್ಕೋ ಹೋಗು," ಅಂದ.

ಆದರೂ ನಾನು ಗೆದ್ದಿದ್ದೆ. ಬೆಟ್ಟಕ್ಕೆ ಹೊರಟ ದಿನ ಗೇರ್ ಬಾಕ್ಸು ಒಂದು ಹನಿಯೂ ಸೋರಲಿಲ್ಲ. ಅಪ್ಪ ನನ್ನನ್ನೇ ಮುಂದೆ ಕೂರಿಸುತ್ತಾನೆ ಅಂದುಕೊಂಡು ತಲೆ ಬಾಚಿ ಮೊದಲೇ ಹೋಗಿ ನಿಂತಿದ್ದೆ. ಸೀನ ಎಂದಿನ ಹಾಗೆ ಬಂದು ಮುಂದಿನ ಸೀಟಿಗೆ ಹಾರಿ ಕೂತ. ಅಪ್ಪ ಜೀಪು ಸ್ಟಾರ್ಟ್ ಮಾಡಿದ. ಅವನಿಗೆ ಅದು ಹೊಳೆದೇ ಇರಲಿಲ್ಲ ಅಂತ ಕಾಣುತ್ತದೆ. ಪೂಜೆ ಮುಗಿಸಿ ಇಳಿಯುವಾಗ ಸಂಜೆಯ ಬಿಸಿಲು ಎದುರಿಗಿತ್ತು. ಮೊದಲ ದೊಡ್ಡ ಇಳಿಜಾರು ಬಂತು. ಅಪ್ಪ ಎರಡನೇ ಗೇರು ಹಾಕಿದ. ನಾನು ಹಿಂದಿನಿಂದ ಕತ್ತು ಚಾಚಿ ನೋಡುತ್ತಿದ್ದೆ. ಸೀನನ ಕೈ ತಾನಾಗಿಯೇ ಹೋಗಿ ಗೇರಿನ ಕಡ್ಡಿಯ ಮೇಲೆ ಕೂತಿತು. ಹಿಡಿಯುವ ಅಗತ್ಯವೇ ಇರಲಿಲ್ಲ. ಈಗ ಅಪ್ಪ ಬೈಯುತ್ತಾನೆ, ಕೈ ತೆಗೆಯೋ ಅನ್ನುತ್ತಾನೆ ಅಂತ ಕಾದೆ. ಅಪ್ಪ ಸ್ಟೀರಿಂಗಿನಿಂದ ಒಂದು ಕೈ ಬಿಡಿಸಿ ಸೀನನ ಕೈಯ ಮೇಲೆ ಇಟ್ಟ. ಇಟ್ಟು, ಇಳಿಜಾರು ಮುಗಿಯುವವರೆಗೂ ತೆಗೆಯಲಿಲ್ಲ. ನನ್ನ ಕೈಯಲ್ಲಿ ಖಾಲಿಯಾದ ಉಪ್ಪಿಟ್ಟಿನ ಪಾತ್ರೆ ಇತ್ತು.

ಆಮೇಲೆ ನಾನು ಓದಿದೆ. ಉರಿಯಲ್ಲೇ ಓದಿದೆ ಅಂದರೂ ತಪ್ಪಿಲ್ಲ. ಡಿಗ್ರಿ ಆಯಿತು, ಬಿ.ಎಡ್. ಆಯಿತು, ಕೆಲಸವಾಯಿತು. ಕಾನ್ವೊಕೇಶನ್ನಿಗೆ ಅಪ್ಪ ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದು, ಉಗುರಿನ ಸಂದಿಯ ಕಪ್ಪು ಕಾಣದ ಹಾಗೆ ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದ. ಅಪ್ಪ ತೀರಿಕೊಂಡ ಮೇಲೆ ಮನೆ ಹೋಯಿತು. ಜೀಪು ಯಾರಿಗೆ ಅನ್ನುವ ಮಾತೇ ಬರಲಿಲ್ಲ, ಅದು ಸೀನನ ಹಿಂದೆ ಹೋಯಿತು. ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಆದರೆ ಯಾರೂ ಕೇಳಲಿಲ್ಲ.

ಸಿಗ್ನಲ್ಲಿನಲ್ಲಿ ಆ ವಾಸನೆ ಬಡಿದ ಮೇಲೆ, ಬಂದ ಭಾನುವಾರ ನಾನು ಕೆಂಗೇರಿ ಉಪನಗರಕ್ಕೆ ಹೋದೆ. ಸೀನನ ಶೆಡ್ಡು ಈಗ ಅಲ್ಲಿ. ಬೋರ್ಡಿದೆ, ಗಾಡಿ ಎತ್ತುವ ಲಿಫ್ಟಿದೆ, ಬೆಟ್ಟ ಹತ್ತುವ ಹುಡುಗರ ಗಾಡಿಗಳು ಸಾಲಾಗಿ ನಿಂತಿರುತ್ತವೆ. "ಏನ್ ಮೇಡಂ, ದಾರಿ ತಪ್ಪಿ ಬಂದ್ರಾ?" ಅಂದ. ಅವನ ತಲೆ ನೆರೆತಿದೆ. ನಮ್ಮ ಜೀಪು ಒಂದು ಮೂಲೆಯಲ್ಲಿತ್ತು. ಟೀ ಬಂತು. ನಾನು ಸುತ್ತು ಬಳಸದೆ ಕೇಳಿಬಿಟ್ಟೆ.

"ಅವತ್ತು ಬೆಟ್ಟ ಇಳಿಯೋವಾಗ ಗೇರು ನೆಗೀತಿರಲಿಲ್ವಲ್ಲೋ. ಮತ್ತೆ ಯಾಕೆ ಹಿಡ್ಕೊಂಡಿದ್ದೆ?"

ಯಾವತ್ತು, ಯಾವ ಬೆಟ್ಟ ಅಂತ ಅವನು ಕೇಳಲಿಲ್ಲ. "ಚಿಕ್ಕಪ್ಪ ಮೇಲೆ ಕೈ ಇಟ್ಟಿದ್ರು ಕಣೇ. ನಾನ್ಯಾಕೆ ತೆಗೀಲಿ?" ಅಂದ.

ಅವನ ಜಾಗದಲ್ಲಿ ನಾನಿದ್ದರೂ ತೆಗೆಯುತ್ತಿರಲಿಲ್ಲ. ಇಬ್ಬರೂ ಟೀ ಕುಡಿದೆವು. ಆಮೇಲೆ ಸೀನ ತನ್ನಷ್ಟಕ್ಕೇ ನಗತೊಡಗಿದ. "ಒಂದು ವಿಷಯ ಚಿಕ್ಕಮ್ಮಂಗೆ ಯಾವತ್ತೂ ಗೊತ್ತಾಗ್ಲಿಲ್ಲ. ಮಧ್ಯಾಹ್ನ ಊಟ ಆದ್ಮೇಲೆ ಜೀಪಿನ ಕೆಳಗೆ ಹೋಗ್ತಿದ್ವಲ್ಲ, ಕೆಲಸ ಎಲ್ಲಿ ಮಾಡ್ತಿದ್ವಿ? ಚಿಕ್ಕಪ್ಪ ಸ್ಪ್ಯಾನರ್ ಕೈಯಲ್ಲಿ ಹಿಡ್ಕೊಂಡೇ ನಿದ್ದೆ ಹೋಗ್ಬಿಡೋರು. ಸದ್ದು ನಿಂತ್ರೆ ಚಿಕ್ಕಮ್ಮ ಬಂದ್ಬಿಡ್ತಾರೆ ಅಂತ ನಾನು ಪಕ್ಕದಲ್ಲಿ ಮಲ್ಕೊಂಡು ಸುಮ್ನೆ ಜೀಪಿನ ಚಾಸಿ ಕಬ್ಬಿಣಕ್ಕೆ ಸುತ್ತಿಗೇಲಿ ಟಣ್ ಟಣ್ ಅಂತ ಬಡೀತಾ ಇರ್ತಿದ್ದೆ."

ನಾನೂ ನಕ್ಕೆ. ಆ ಟಣ್ ಟಣ್ ಸದ್ದು ಕೇಳುತ್ತಾ ಎಷ್ಟು ಮಧ್ಯಾಹ್ನ ನಾನು ಒಳಗೆ ಪುಸ್ತಕದ ಮುಂದೆ ಹಲ್ಲು ಕಚ್ಚಿಕೊಂಡು ಕೂತಿದ್ದೆ, ಅವನಿಗೆ ಅಪ್ಪ ಏನೇನು ಕಲಿಸುತ್ತಿದ್ದಾನೋ ಅಂತ. ನಾವು ಏಳುವ ಮೊದಲೇ ಅಪ್ಪ ಎದ್ದಿರುತ್ತಿದ್ದ, ನಾವು ಮಲಗಿದ ಮೇಲೆ ಮಲಗುತ್ತಿದ್ದ. ಅಪ್ಪ ನಿದ್ದೆ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ. ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ನೋಡಿದೆ, ಅದು ನಿದ್ದೆಯಲ್ಲ. ದಣಿದ ಮನುಷ್ಯ ಊಟ ಮಾಡಿ, ನೆರಳಿನಲ್ಲಿ, ಯಾವ ಭಯವೂ ಇಲ್ಲದೆ ಮಲಗಿದ ನಿದ್ದೆಯನ್ನು ಇವನೊಬ್ಬ ನೋಡಿದ್ದಾನೆ. ಎಷ್ಟೋ ಸಲ ನೋಡಿದ್ದಾನೆ. ಅದನ್ನು ನೆನಪಿಟ್ಟುಕೊಂಡಿರುವ ಮನುಷ್ಯ ಈಗ ಈ ಭೂಮಿಯ ಮೇಲೆ ಇವನೊಬ್ಬನೇ. ಹೊಟ್ಟೆಕಿಚ್ಚು ಪಡುವುದಕ್ಕೂ ನನಗೆ ಇವನನ್ನು ಬಿಟ್ಟರೆ ಇನ್ನು ಯಾರೂ ಉಳಿದಿಲ್ಲ.

ಲೋಟ ಕೆಳಗಿಟ್ಟೆ.

"ಹೇಗೆ ಮಲಗ್ತಿದ್ದ, ಹೇಳೋ," ಅಂದೆ.

ಸೀನ ನನ್ನ ಮುಖ ನೋಡಿದ. ತಮಾಷೆ ಮಾಡಲಿಲ್ಲ. ಸ್ವಲ್ಪ ಯೋಚಿಸಿ, "ಎಡಗಡೆಗೆ ತಿರುಗಿ," ಅಂದ. "ಬಾಯಿ ಒಂಚೂರು ತೆರೆದಿರೋದು. ಗೊರಕೆ ಏನೂ ಇಲ್ಲ. ಮಗು ತರ."